ನನ್ನ ತಂಗಿಯ ಮಗನ ಕಾಲಿಗೂ ಫಾರಂ ಕೋಳಿಗೂ ಗಂಟು ಹಾಕಬೇಡಿ

ಭಾನುವಾರ ಬೀಗರ ಊಟಕ್ಕೆ ಹೋಗಿದ್ದೆ. ಬಂದು ಎರಡು ದಿನವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಮಕ್ಕಳೆಲ್ಲ ಜಮಖಾನದ ಮೇಲೆ ಕೂತು ಉಂಡರು. ನನ್ನ ತಂಗಿಯ ಮಗ ಪುಟ್ಟನೂ ಅಲ್ಲೇ ಕೂತಿದ್ದ. ಅವನಿಗೆ ಈಗ ಎಂಟು ವರ್ಷ. ಊಟ ಮುಗಿದು ಬೇರೆ ಮಕ್ಕಳು ಪುಳಕ್ಕನೆ ಎದ್ದು ಕೈ ತೊಳೆಯಲು ಓಡಿದವು. ಇವನು ಮೊದಲು ಎರಡೂ ಕೈ ನೆಲಕ್ಕೆ ಊರಿದ. ಸೊಂಟ ಮೇಲೆತ್ತಿದ. ಆಮೇಲೆ ಒಂದು ಕೈ ಒಂದು ಮೊಣಕಾಲಿಗೆ, ಇನ್ನೊಂದು ಕೈ ಇನ್ನೊಂದಕ್ಕೆ. ಅಲ್ಲಿಂದ ತೊಡೆಯ ಮೇಲೆ ಕೈ ಸರಿಸುತ್ತಾ ಸರಿಸುತ್ತಾ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದ ಹಾಗೆ ಎದ್ದು ನಿಂತ.

ನಮ್ಮ ಕಡೆಯ ಹಿರಿಯರೊಬ್ಬರು ನೋಡುತ್ತಿದ್ದರು. ಎಲೆ ಮುಂದೆ ಕೂತಿದ್ದ ನನ್ನ ತಂಗಿಯ ಕಡೆ ತಿರುಗಿ, ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳಿದರು. "ಬಸುರೀಲಿ ಫಾರಂ ಕೋಳಿ ತಿಂದೆ ಅಲ್ವೇನವ್ವ, ಅದಕ್ಕೆ ಕೊಡೋ ಇಂಜೆಕ್ಷನ್ನೆಲ್ಲ ಮಗೀಗೆ ಇಳೀತು."

ತಂಗಿ ಮಾತಾಡಲಿಲ್ಲ. ಎಲೆಯಲ್ಲಿದ್ದ ಕೋಳಿ ತುಂಡನ್ನು ಬೆರಳಿಂದ ಅಂಚಿಗೆ ತಳ್ಳಿದಳು. ಆಮೇಲೆ ಬರೀ ಅನ್ನ ಸಾರು ಉಂಡು ಎದ್ದಳು.

ನಾನು ಹದಿನೆಂಟು ವರ್ಷದಿಂದ ಕೋಳಿ ಡಾಕ್ಟರ್ ಅಂತ ನಿಮಗೆಲ್ಲ ಗೊತ್ತು. ಅಷ್ಟು ಜನರಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಆದರೂ ನೀರಿನ ಲೋಟ ಹಿಡಿದು ಸುಮ್ಮನೆ ನಿಂತಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ತಂಗಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಹಾಕುತ್ತಿದ್ದೇನೆ.

ಪುಟ್ಟನಿಗೆ ಇರುವುದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಸ್ನಾಯುಗಳು ಬರ್ತಾ ಬರ್ತಾ ಬಲ ಕಳೆದುಕೊಳ್ಳುವ ಕಾಯಿಲೆ. ಡುಶೆನ್ ಅನ್ನುವುದು ಫ್ರಾನ್ಸಿನ ಒಬ್ಬ ಡಾಕ್ಟರ ಹೆಸರು. ಅವರು ಈ ಕಾಯಿಲೆಯನ್ನು ವಿವರವಾಗಿ ಬರೆದದ್ದು 1860ರ ದಶಕದಲ್ಲಿ. ಪುಟ್ಟ ನೆಲದಿಂದ ಎದ್ದ ಆ ರೀತಿಗೂ ಒಂದು ಹೆಸರಿದೆ, ಗವರ್ಸ್ ಸೈನ್. ಲಂಡನ್ನಿನ ಡಾಕ್ಟರ್ ಗವರ್ಸ್ ಅದನ್ನು 1879ರಲ್ಲೇ ವಿವರಿಸಿದ್ದರು. ಆಗ ಎಲ್ಲಿತ್ತು ಬ್ರಾಯ್ಲರ್ ಕೋಳಿ? ಜಗತ್ತಿನ ಯಾವ ಮೂಲೆಯಲ್ಲೂ ಇರಲಿಲ್ಲ. ಮನೆ ಹಿತ್ತಲಲ್ಲಿ ಕೆದಕಿಕೊಂಡು ತಿನ್ನುತ್ತಿದ್ದ ಕೋಳಿಗಳ ಕಾಲದಲ್ಲೇ ಗಂಡು ಮಕ್ಕಳು ಹೀಗೇ ಕೈ ಊರಿ ಏಳುತ್ತಿದ್ದರು.

ಆಗುವುದು ಇಷ್ಟು. ನಮ್ಮ ಸ್ನಾಯುವಿನ ಎಳೆಗಳು ಹಿಗ್ಗುವಾಗ ಕುಗ್ಗುವಾಗ ಹರಿಯದಂತೆ ಕಾಯುವ ಒಂದು ಪ್ರೋಟೀನ್ ಇದೆ, ಡಿಸ್ಟ್ರೊಫಿನ್. ಅದನ್ನು ಹೇಗೆ ತಯಾರಿಸಬೇಕು ಅಂತ ಮೈಗೆ ಹೇಳುವ ಜೀನ್ ಮನುಷ್ಯನ ಜೀನುಗಳಲ್ಲೇ ತುಂಬಾ ಉದ್ದದ್ದು, ಅದರಲ್ಲಿ 79 ತುಂಡುಗಳು. ಅಷ್ಟುದ್ದ ಇರುವುದರಿಂದಲೇ ಎಲ್ಲೋ ಒಂದು ಕಡೆ ತಪ್ಪಾಗುವ ಸಾಧ್ಯತೆಯೂ ಜಾಸ್ತಿ. ತಪ್ಪಾದರೆ ಪ್ರೋಟೀನ್ ತಯಾರಾಗುವುದಿಲ್ಲ. ಮಗು ಓಡಿದಾಗ, ಮೆಟ್ಟಿಲು ಇಳಿದಾಗ ಎಳೆಗಳು ಹರಿಯುತ್ತವೆ. ಮೊದಮೊದಲು ಮೈ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಬರ್ತಾ ಬರ್ತಾ ಆಗುವುದಿಲ್ಲ. ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತವೆ. ಅದಕ್ಕೇ ಈ ಮಕ್ಕಳ ಮೀನಖಂಡ ದಪ್ಪಗೆ, ಗಟ್ಟಿಯಾಗಿ ಕಾಣುತ್ತದೆ. ಪುಟ್ಟನಿಗೆ ನಾಲ್ಕು ವರ್ಷವಿದ್ದಾಗ ನಾವೆಲ್ಲ ಅವನ ಕಾಲು ಸವರಿ, ಪೈಲ್ವಾನ್ ಆಗ್ತಾನೆ ಅಂತ ಹೊಗಳಿದ್ದೆವು.

ಇದರಲ್ಲಿ ತಾಯಿ ತಿಂದ ಕೋಳಿ ಎಲ್ಲಿ ಬಂತು?

ಇನ್ನು ಆ ಇಂಜೆಕ್ಷನ್ ಕಥೆ. ಇದನ್ನು ನಾನು ಬಸ್ಸಲ್ಲಿ, ಸಲೂನಲ್ಲಿ, ಮದುವೆ ಮನೆಯಲ್ಲಿ ಕೇಳಿ ಕೇಳಿ ಸಾಕಾಗಿದ್ದೇನೆ. ಸಾವಿರಾರು ಕೋಳಿ ಇರುವ ಶೆಡ್ಡಿನಲ್ಲಿ ಒಂದೊಂದನ್ನೇ ಹಿಡಿದು ಪದೇ ಪದೇ ಹಾರ್ಮೋನ್ ಚುಚ್ಚುವುದು ಆಗುವ ಮಾತಲ್ಲ. ಹಾಗೆ ಮಾಡಿದರೆ ಆ ರೈತನಿಗೆ ಕೂಲಿ ಕೊಡುವಷ್ಟೂ ಹುಟ್ಟುವುದಿಲ್ಲ. ಮರಿಗೆ ಒಂದು ವಾರದೊಳಗೆ ಕಣ್ಣಿಗೆ ಒಂದು ಹನಿ ಲಸಿಕೆ ಹಾಕುತ್ತೇವೆ. ಮುಂದಿನ ಲಸಿಕೆಗಳನ್ನು ಹೆಚ್ಚಾಗಿ ಕುಡಿಯುವ ನೀರಿನಲ್ಲೇ ಕೊಡುತ್ತೇವೆ. ಅವು ರೋಗ ಬರದಿರಲಿ ಅಂತ, ಬೆಳೆಸುವುದಕ್ಕಲ್ಲ.

ಹಾಗಾದರೆ ಅಷ್ಟು ಬೇಗ ಹೇಗೆ ಬೆಳೆಯುತ್ತದೆ ಅಂತ ಕೇಳುತ್ತೀರಿ. ತಳಿಯಿಂದ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ, 1978ರ ಮತ್ತು 2005ರ ತಳಿಗಳನ್ನು ಒಂದೇ ಫೀಡ್ ಹಾಕಿ ಒಟ್ಟಿಗೆ ಸಾಕಿ ನೋಡಿದರು. 2014ರಲ್ಲಿ ಅದು ಪ್ರಕಟವಾಯಿತು. 56 ದಿನಕ್ಕೆ ಮೊದಲನೆಯದು 905 ಗ್ರಾಂ ತೂಗಿತು. ಎರಡನೆಯದು 1808 ಗ್ರಾಂ. ಮೂರನೆಯದು 4202 ಗ್ರಾಂ. ತಿಂದದ್ದು ಒಂದೇ, ಬೆಳೆದದ್ದು ಬೇರೆ ಬೇರೆ. ಯಾರೂ ಹಾರ್ಮೋನ್ ಚುಚ್ಚಿರಲಿಲ್ಲ.

ಹೀಗೆ ಬೆಳೆಸಿದ್ದಕ್ಕೆ ಕೋಳಿ ಬೆಲೆ ತೆತ್ತಿದೆ, ಇದನ್ನೂ ಹೇಳಲೇಬೇಕು. ಬೇಗ ಬೆಳೆಯುವ ಕೆಲವು ಕೋಳಿಗಳ ಎದೆಯ ಮಾಂಸ ಹಲಗೆಯಂತೆ ಗಟ್ಟಿಯಾಗುತ್ತದೆ. ವುಡನ್ ಬ್ರೆಸ್ಟ್ ಅಂತಾರೆ. 2014ರಲ್ಲಿ ಫಿನ್ಲೆಂಡಿನವರು ಅದನ್ನು ವಿವರಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲೂ ಸತ್ತ ಎಳೆಗಳು, ನಡುವೆ ನಾರು, ಕೊಬ್ಬು. ಎದೆ ದೊಡ್ಡದು, ಶಕ್ತಿ ಇಲ್ಲ. ಇಂಥ ಕೋಳಿ ಅಂಗಾತ ಬಿದ್ದರೆ ಮಗುಚಿಕೊಂಡು ಏಳುವುದೇ ಕಷ್ಟ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು ಇದನ್ನು ಮನುಷ್ಯರ ಸಕ್ಕರೆ ಕಾಯಿಲೆಯಲ್ಲಿ ಆಗುವ ತೊಂದರೆಗಳ ಜೊತೆ ಹೋಲಿಸಿ ನೋಡುತ್ತಿದ್ದಾರೆ. ಸ್ನಾಯುವಿನೊಳಗೆ ಸಕ್ಕರೆ ಮತ್ತು ಕೊಬ್ಬಿನ ಲೆಕ್ಕ ತಪ್ಪುವುದೇ ಮೂಲ ಇರಬಹುದು ಅನ್ನುವುದು ಅವರ ವಾದ. ಆದರೆ ಅದು ಕೋಳಿಯ ಕಾಯಿಲೆ. ತಿಂದವರಿಗೆ ಬರುವುದಿಲ್ಲ. ತಿಂದವರ ಹೊಟ್ಟೆಯಲ್ಲಿರುವ ಮಗುವಿಗಂತೂ ಬರುವುದೇ ಇಲ್ಲ.

"ನಾಟಿ ಕೋಳಿ ಆಗಿದ್ರೆ ಹೀಗಾಗ್ತಿರಲಿಲ್ಲ" ಅನ್ನುವವರಿಗೆ ಇನ್ನೊಂದು ವಿಷಯ. ಹುಟ್ಟಿನಿಂದಲೇ ಬರುವ ಸ್ನಾಯು ಕಾಯಿಲೆ ಕೋಳಿಗಳಲ್ಲೂ ಇದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ತಳಿಯ ಕೋಳಿಗಳಲ್ಲಿ ಅದನ್ನು ಗುರುತಿಸಿ 1956ರಲ್ಲಿ ಬರೆದರು. ಈಗಿನ ಬ್ರಾಯ್ಲರ್ ತಳಿಗಳು ಬರುವ ಮೊದಲಿನ ಮಾತು. ಆ ಕೋಳಿಗಳಿಗೆ ರೆಕ್ಕೆ ಮೇಲೆತ್ತಲು ಆಗುತ್ತಿರಲಿಲ್ಲ. ಮನುಷ್ಯರ ಸ್ನಾಯು ಕಾಯಿಲೆಗೆ ಔಷಧಿ ಹುಡುಕುವವರು ಎಷ್ಟೋ ವರ್ಷ ಅವುಗಳನ್ನೇ ನೆಚ್ಚಿಕೊಂಡಿದ್ದರು. ಪರೀಕ್ಷೆ ಹೇಗೆ ಮಾಡುತ್ತಿದ್ದರು ಗೊತ್ತಾ? ಕೋಳಿಯನ್ನು ಅಂಗಾತ ಮಲಗಿಸುವುದು. ಮಗುಚಿ ಎದ್ದು ನಿಲ್ಲುತ್ತದಾ ನೋಡುವುದು. ನಿಂತರೆ ಮತ್ತೆ ಮಲಗಿಸುವುದು. ಸುಸ್ತಾಗಿ ಏಳಲಾರದೆ ಬಿದ್ದುಕೊಳ್ಳುವ ತನಕ ಎಷ್ಟು ಸಲ ಎದ್ದಿತು ಅಂತ ಎಣಿಸುವುದು.

ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಭಾನುವಾರ ಜಮಖಾನದ ಮೇಲೆ ಪುಟ್ಟ ಏಳುವಾಗ ಅದೇ ನೆನಪಾಯಿತು. ಎದೆ ಹಿಂಡಿದ ಹಾಗಾಯಿತು.

ಆ ಕೋಳಿಗಳಲ್ಲಿ ಕೆಟ್ಟಿರುವ ಜೀನ್ ಬೇರೆ, ಪುಟ್ಟನಲ್ಲಿ ಕೆಟ್ಟಿರುವ ಜೀನ್ ಬೇರೆ. ಜಪಾನಿನವರು 2008ರಲ್ಲಿ ಕೋಳಿಯದನ್ನು ಪತ್ತೆ ಮಾಡಿದರು. ಕೋಳಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಔಷಧಿಯನ್ನು ಮಕ್ಕಳಿಗೆ ಕೊಟ್ಟು ನೋಡಿದಾಗ ಉಪಯೋಗವಾಗಲಿಲ್ಲ. ಆದರೂ ಆ ಮೂಕ ಜೀವಗಳು ನಮ್ಮ ಮಕ್ಕಳಿಗೋಸ್ಕರ ಅಷ್ಟು ಸಲ ಬಿದ್ದು ಎದ್ದಿವೆ. ಅವನ್ನೇ ತಂದು ಒಬ್ಬ ತಾಯಿಯ ತಲೆಗೆ ಕಟ್ಟುತ್ತೀರಲ್ಲ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ಫಾರಂ ಕೋಳಿ ಬಗ್ಗೆ ಹೆದರಲು ಏನೂ ಇಲ್ಲವಾ ಅಂತ ಕೇಳಬಹುದು. ಇದೆ. ಆ್ಯಂಟಿಬಯಾಟಿಕ್ ಬೇಕಾಬಿಟ್ಟಿ ಹಾಕುವವರು ಇದ್ದಾರೆ. ಕೊಲಿಸ್ಟಿನ್ ಅನ್ನುವ ಆ್ಯಂಟಿಬಯಾಟಿಕ್ಕನ್ನು ಕೋಳಿಗೆ, ದನಕ್ಕೆ ಕೊಡಬಾರದು ಅಂತ 2019ರಲ್ಲಿ ಕೇಂದ್ರ ಸರ್ಕಾರವೇ ನಿಷೇಧ ಹಾಕಿತು. ಅದರ ಬಗ್ಗೆ ನಾನೂ ಫಾರಂಗಳಲ್ಲಿ ಜಗಳ ಆಡುತ್ತೇನೆ. ಆದರೆ ಅದರಿಂದ ಡುಶೆನ್ ಬರುವುದಿಲ್ಲ. ಒಂದು ನಿಜ ಹಿಡಿದುಕೊಂಡು ಇನ್ನೊಂದು ಸುಳ್ಳಿಗೆ ಸಾಕ್ಷಿ ಹೇಳಿಸಬೇಡಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಪುಟ್ಟನಿಗೆ ಐದು ವರ್ಷವಿದ್ದಾಗ ಮೆಟ್ಟಿಲು ಹತ್ತಲು ಅಳುತ್ತಿದ್ದ. ಆಗ ನಾನೇ ತಂಗಿಗೆ, "ಜಾಸ್ತಿ ಎತ್ಕೊಂಡು ಎತ್ಕೊಂಡು ಸೋಮಾರಿ ಮಾಡಿದ್ದೀಯ" ಅಂತ ಬೈದಿದ್ದೆ. ಶೆಡ್ಡಿಗೆ ಕಾಲಿಟ್ಟ ತಕ್ಷಣ ಯಾವ ಮರಿ ಕಾಲೆಳೆಯುತ್ತಿದೆ ಅಂತ ದೂರದಿಂದಲೇ ಹೇಳುವವನು ನಾನು. ನಮ್ಮ ಮನೆ ಮಗು ಕಾಣಲಿಲ್ಲ. ಊರಿನ ಒಬ್ಬ ಡಾಕ್ಟರು ಲಿವರ್ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂದಿದೆ ಅಂತ ಏಳು ತಿಂಗಳು ಲಿವರ್ ಟಾನಿಕ್ ಕುಡಿಸಿದರು. ಸ್ನಾಯು ಹರಿದರೂ ಅವೆರಡು ಏರುತ್ತವೆ ಅನ್ನುವುದು ನನ್ನ ಓದಿನಲ್ಲೇ ಇತ್ತು. ಸ್ನಾಯು ಹರಿದಾಗ ರಕ್ತಕ್ಕೆ ಸೋರುವ ಸಿಪಿಕೆ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ ಅನ್ನಲು ನನಗೂ ಹೊಳೆಯಲಿಲ್ಲ. ಕೊನೆಗೆ ಬೆಂಗಳೂರಲ್ಲಿ ಮಾಡಿಸಿದಾಗ ನೂರರ ಆಸುಪಾಸಿನಲ್ಲಿ ಇರಬೇಕಾದದ್ದು ಸಾವಿರಗಳಲ್ಲಿತ್ತು.

ಅವತ್ತು ರಾತ್ರಿ ನಾನು ವಿಟಮಿನ್ ಇ, ಸೆಲೆನಿಯಂ ಕೊಟ್ಟರೆ ಹೇಗೆ ಅಂತ ಯೋಚಿಸುತ್ತಾ ಕೂತಿದ್ದೆ. ಅವು ಕಡಿಮೆಯಾದ ಮರಿಗಳ ಸ್ನಾಯುವಿನಲ್ಲಿ ಬಿಳಿ ಗೆರೆ ಮೂಡುತ್ತದೆ, ಬೇಗ ಹಿಡಿದರೆ ಸುಧಾರಿಸುತ್ತವೆ. ಪುಟ್ಟನದು ಆ ಜಾತಿಯ ಕಾಯಿಲೆ ಅಲ್ಲ ಅಂತ ಗೊತ್ತಿದ್ದೂ ಮನಸ್ಸು ಒಪ್ಪಲಿಲ್ಲ. ಈಗ ಅವನಿಗೆ ದಿನಾ ಸ್ಟೀರಾಯ್ಡ್ ಮಾತ್ರೆ, ಕಾಲು ನೀವಿ ಎಳೆಯುವ ವ್ಯಾಯಾಮ. ನಡಿಗೆ ಇನ್ನಷ್ಟು ವರ್ಷ ಉಳಿಯಲಿ ಅಂತ.

ಇದು ತಾಯಿ ಕಡೆಯಿಂದ ಬರುವ ಕಾಯಿಲೆ ಅಂತ ಯಾರೋ ಕಾಮೆಂಟಲ್ಲಿ ಬರೆಯುತ್ತೀರಿ, ಗೊತ್ತು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಅದು ಯಾರಿಂದಲೂ ಬಂದಿರುವುದಿಲ್ಲ, ಹೊಸದಾಗಿ ಆದ ತಪ್ಪು. ನನ್ನ ತಂಗಿಯ ವರದಿಯಲ್ಲಿ ಏನಿದೆ ಅನ್ನುವುದು ಅವಳಿಗೆ ಬಿಟ್ಟದ್ದು. ಒಂದು ವೇಳೆ ಬಂದಿದ್ದರೂ ಅವಳು ಬೇಕು ಅಂತ ಕೊಟ್ಟಿದ್ದಾ? ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಹಾಗೆ ಬಂದಿದ್ದರೆ ಅದು ನನಗೂ ಬರಬಹುದಿತ್ತು. ನಾನು ನೆಟ್ಟಗೆ ನಡೆದಾಡಿಕೊಂಡು ಇದ್ದೇನೆ, ಅವಳು ಮಾತು ಕೇಳಿಸಿಕೊಳ್ಳುತ್ತಿದ್ದಾಳೆ.

ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾವ ಹುಡುಗನಾದರೂ ಹೀಗೆ ತೊಡೆ ಹಿಡಿದು ಏಳುತ್ತಿದ್ದರೆ, ತುದಿಗಾಲಲ್ಲಿ ನಡೆಯುತ್ತಿದ್ದರೆ, ಪದೇ ಪದೇ ಬೀಳುತ್ತಿದ್ದರೆ ಸಿಪಿಕೆ ಮಾಡಿಸಿ. ತಾಯಿ ಏನು ತಿಂದಳು ಅಂತ ಕೇಳಬೇಡಿ.

ಇವತ್ತು ಸಂಜೆ ತಂಗಿ ಮನೆಗೆ ಹೋಗುತ್ತಿದ್ದೇನೆ. ದಾರಿಯಲ್ಲಿ ಒಂದು ಕೆಜಿ ಫಾರಂ ಕೋಳಿ ಕಡಿಸಿಕೊಂಡು ಹೋಗಬೇಕು. ಪುಟ್ಟ ಆಗಲೇ ಫೋನ್ ಮಾಡಿದ್ದ, ಎರಡು ಲೆಗ್ ಪೀಸೂ ಅವನಿಗೇ ಅಂತೆ. ತಂಗಿಗೆ ನಾನೇ ಬಡಿಸುತ್ತೇನೆ.