ದ್ರಾಕ್ಷಿ ಸೀಮೆಯ ಅಭ್ಯಾಸ ಬೇಕು, ಅಲ್ಲಿನ ಮದ್ದು ಬೇಡ

ನಾಸಿಕ್ ಕಡೆಯ ದ್ರಾಕ್ಷಿ ಬೆಳೆಗಾರರಲ್ಲಿ ಮಣ್ಣು ಪರೀಕ್ಷೆಯನ್ನು ಸರ್ಕಾರದ ಕೆಲಸವೆಂದು ಬಿಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಅವರ ನಡುವೆ ಬದುಕುತ್ತಿರುವ ನನಗೆ ಇದರ ಬಗ್ಗೆ ನಿಜವಾದ ಗೌರವವಿದೆ. ಏಪ್ರಿಲ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಆಗಿ ಸುಮಾರು 45 ದಿನಕ್ಕೆ ಎಲೆತೊಟ್ಟುಗಳನ್ನು ಬಿಡಿಸಿ ಪ್ರಯೋಗಾಲಯಕ್ಕೆ ಕೊಡುತ್ತಾರೆ. ಮಣ್ಣು, ನೀರು, ತೊಟ್ಟು ಈ ಮೂರರ ವರದಿಯನ್ನೂ ಎದುರಿಗಿಟ್ಟುಕೊಂಡು ಗೊಬ್ಬರದ ಲೆಕ್ಕ ಹಾಕುತ್ತಾರೆ. ಮಣ್ಣಿನಲ್ಲಿ ಇದ್ದದ್ದೆಲ್ಲ ಬಳ್ಳಿಗೆ ದಕ್ಕುವುದಿಲ್ಲವೆಂದು ಅವರಿಗೆ ಗೊತ್ತು. ಸುಣ್ಣ ತುಂಬಿದ ಕಪ್ಪು ನೆಲದಲ್ಲಿ ರಸಸಾರ (pH; ಇದು ಇಳಿದಷ್ಟೂ ಮಣ್ಣು ಹುಳಿ) 8 ದಾಟಿದರೆ ಕಬ್ಬಿಣ, ಸತು ಇದ್ದೂ ಬೇರಿಗೆ ಸಿಗುವುದಿಲ್ಲ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳ ಸಂಕಟ ಇದಕ್ಕೆ ತಿರುಗುಮುರುಗು. ಜಂಬಿಟ್ಟಿಗೆ ನೆಲದ ಮೇಲೆ ಸುರಿಯುವ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್, ಬೋರಾನ್‌ಗಳನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಕಟ್ಟಿಹಾಕುತ್ತವೆ. ರಸಸಾರ 6ರಿಂದ 5ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದೇ ಅರ್ಥ. ಇಷ್ಟಾದರೂ ಊರಿಗೆ ಹೋದಾಗ ಕಿವಿಗೆ ಬೀಳುವುದು ಯೂರಿಯಾ, ಪೊಟ್ಯಾಷ್‌ಗಳ ಚರ್ಚೆ. ಹುಳಿ ತಗ್ಗಿಸುವ ಸುಣ್ಣದ ಮಾತು ಅಪರೂಪ. ನಾಸಿಕ್‌ನವರು ಬಳಸುವ ಗಂಧಕವನ್ನು ನೋಡಿ ನಮ್ಮವರು ಯಾರೂ ತೋಟಕ್ಕೆ ಸುರಿಯಬಾರದು. ಅದು ಹುಳಿಯನ್ನು ಇನ್ನಷ್ಟು ಏರಿಸುತ್ತದೆ.

ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಯೋಜನೆ ಒಳ್ಳೆಯದೇ. ನನ್ನ ತಕರಾರು ಇರುವುದು ಮಾದರಿ ತೆಗೆಯುವ ಚೌಕದ ಬಗ್ಗೆ. ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು ಎಂಬುದು ಬಯಲಿಗೆ ಒಪ್ಪುವ ಲೆಕ್ಕ. ನಮ್ಮಲ್ಲಿ 10 ಹೆಕ್ಟೇರು ಎಂದರೆ ಕಣಿವೆಯ ತೋಟ, ಅದರ ನೆತ್ತಿಯ ಸೊಪ್ಪಿನ ಬೆಟ್ಟ, ಪಕ್ಕದ ಬ್ಯಾಣ (ಹುಲ್ಲುಗಾವಲು), ಕೆಳಗಿನ ಗದ್ದೆ ಎಲ್ಲವೂ ಅದರಲ್ಲಿ ಬರಬಹುದು. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಹಳೆಯ ಸವಲತ್ತಿನ ಹಿಂದಿನ ವಿವೇಕವೇ ಇದು: ಬೆಟ್ಟ ಕೊಡುವ ನೆಲ, ತೋಟ ಪಡೆಯುವ ನೆಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಈ ಎರಡಕ್ಕೂ ಒಂದೇ ಅಂಕಿ ಬರೆದುಕೊಟ್ಟರೆ ಅದು ಯಾವ ನೆಲದ ಸತ್ಯ?

ಇನ್ನೊಂದು ಅಪಾಯವಿದೆ. ಸಾವಯವ ಇಂಗಾಲ ಶೇ. 0.75 ಮೀರಿದರೆ ಚೀಟಿ ಅದನ್ನು ‘ಹೆಚ್ಚು’ ಎನ್ನುತ್ತದೆ. ಸೊಪ್ಪು ಕಂಡ ತೋಟ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಮನೆಯವರು ನೆಮ್ಮದಿಯಿಂದ ಚೀಟಿ ಮಡಚಿಡುತ್ತಾರೆ. ಆದರೆ ಹುಳಿ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ಕುಂಟುವುದರಿಂದ ಆ ಇಂಗಾಲದ ಜೊತೆಗಿರುವ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಚೀಟಿಯಲ್ಲಿ ತಾಮ್ರದ ಸಾಲನ್ನೂ ಗಮನಿಸಬೇಕು. ಅಡಿಕೆಯ ಕೊಳೆ ರೋಗಕ್ಕೆ ತಲೆಮಾರುಗಳಿಂದ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೇವೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಆ ತಾಮ್ರ ಕರಗಿ ಮಾಯವಾಗುವಂಥದ್ದಲ್ಲ, ಬುಡದ ಮಣ್ಣಿನಲ್ಲೇ ಕೂಡುತ್ತದೆ.

ಕರಾವಳಿಗೆ ಇಳಿದರೆ ಲೆಕ್ಕ ಮತ್ತೆ ಬದಲು. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಯಿಂದ (ಉಪ್ಪುನೀರು ಏರುವ ತಗ್ಗು ಗದ್ದೆ) ಮೇ ತಿಂಗಳಲ್ಲಿ ಮಣ್ಣು ತೆಗೆದರೆ ಉಪ್ಪಿನ ಅಂಕಿ ನೋಡಿ ಪ್ರಯೋಗಾಲಯ ಬೆಚ್ಚೀತು. ಮಳೆ ಉಪ್ಪನ್ನು ತೊಳೆದ ಮೇಲೆ ಅದೇ ನೆಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ತಲೆದೂಗುತ್ತದೆ. ಮಾದರಿ ತೆಗೆದ ತಿಂಗಳನ್ನು ಬರೆಯದ ವರದಿಯನ್ನು ಗಜನಿಯ ರೈತ ಒಪ್ಪಬಾರದು.

ಶಿರಸಿಯಲ್ಲಿ ತೋಟಗಾರಿಕಾ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ, 1923ರಿಂದ ಬೆಳೆಗಾರರೇ ಕಟ್ಟಿ ಬೆಳೆಸಿದ ತೋಟಗಾರ್ಸ್ ಸೇಲ್ ಸೊಸೈಟಿಯಿದೆ. ಪ್ರತಿ ಮನೆಯ ಅಡಿಕೆಯ ತೂಕ ಬರೆದಿಡಬಲ್ಲ ಸಹಕಾರಿ ಸಂಘಗಳು ಆ ಮನೆಯ ತೋಟದ ರಸಸಾರವನ್ನೂ ವರ್ಷವರ್ಷ ಬರೆದಿಡಲಿ. ತೋಟಕ್ಕೊಂದು, ಗದ್ದೆಗೊಂದು ಮಾದರಿಯನ್ನು ಗೊಬ್ಬರ ಹಾಕುವ ಮೊದಲೇ ತೆಗೆಯಲಿ; ತೋಟದಲ್ಲಿ ಮೇಲ್ಮಣ್ಣನ್ನೂ ಒಂದಡಿ ಕೆಳಗಿನದನ್ನೂ ಬೇರೆಯಾಗಿ ಕಟ್ಟಲಿ. ವರದಿಯ ಜೊತೆಗೇ ಸಂಘದ ಮಳಿಗೆಯಲ್ಲಿ ಕೃಷಿ ಸುಣ್ಣದ ಚೀಲವೂ ಸಿಗುವಂತಾಗಲಿ.