ಕಣ್ಣು ಕಾಣುತ್ತಿದೆಯಲ್ಲ ಎಂಬ ವಾದ

ನಿನ್ನೆ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಪಾಪೆ ಹಿಗ್ಗುವ ಔಷಧಿ ಹಾಕಿಸಿಕೊಂಡು ಕುಳಿತಿದ್ದಾಗ, ಹೊಸನಗರದ ಕಡೆಯ ಹಿರಿಯರೊಬ್ಬರು ಮಗನ ಮೇಲೆ ರೇಗುತ್ತಿದ್ದರು: “ಮರದ ಮೇಲಿನ ಅಡಿಕೆ ಹಣ್ಣಾಗಿದೆಯೋ ಇಲ್ಲವೋ ಎಂದು ನೆಲದ ಮೇಲೆ ನಿಂತೇ ಹೇಳುತ್ತೇನೆ, ನನಗೆಂಥ ಕಣ್ಣಿನ ಕಾಯಿಲೆಯೋ ಮಾರಾಯ?” ಅರ್ಧ ಗಂಟೆಯ ನಂತರ ಹೊರಬಂದವರು ಮಾತನ್ನೇ ಆಡಲಿಲ್ಲ. ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲದಲ್ಲಿ ರಕ್ತ ಜಿನುಗಿದ ಚುಕ್ಕೆಗಳಿವೆಯೆಂದು ಮಗ ಹೇಳಿದ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಗೆ ಇದು ಮೊದಲ ಕಣ್ಣಿನ ಪರೀಕ್ಷೆಯಂತೆ.

ಕಣ್ಣು ಕಾಣುತ್ತಿದೆಯಲ್ಲ ಎಂಬ ಈ ವಾದವನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದ ರಕ್ತನಾಳಗಳು ಕೆಡುವ ಈ ರೆಟಿನೋಪತಿ ಆರಂಭದಲ್ಲಿ ನೋವನ್ನೂ ಕೊಡುವುದಿಲ್ಲ, ಮಬ್ಬನ್ನೂ ತರುವುದಿಲ್ಲ. ನಮ್ಮವರಾದರೋ ರಾಶಿ ಅಡಿಕೆಯ ಧಾರಣೆ ಹೇಳಿದಂತೆ ಬೆಳಗಿನ ಶುಗರ್ ಅಂಕಿಯನ್ನು ಹೇಳಿಕೊಂಡು ತೃಪ್ತರಾಗುತ್ತಾರೆ. ರಕ್ತನಾಳದ ಗತಿ ಏನಾಗಿದೆಯೆಂದು ಕೇಳುವವರಿಲ್ಲ. ತೋಟದ ಪೈಪು ಬಿಸಿಲಿಗೆ ಬಿರುಸಾದರೆ ಪಂಪಿನ ಹೊಡೆತವೆಲ್ಲ ತುದಿಯ ಸಣ್ಣ ಕೊಳವೆಗಳ ಮೇಲೆ ಬೀಳುವುದನ್ನು ಅವರೇ ಕಂಡಿದ್ದಾರೆ. ವರ್ಷಗಟ್ಟಲೆ ಏರಿದ ಸಕ್ಕರೆಯು ಹೃದಯದಿಂದ ರಕ್ತ ಒಯ್ಯುವ ಅಪಧಮನಿಯ ಗೋಡೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬೆಸೆದು ಅದನ್ನು ಹಾಗೆಯೇ ಬಿರುಸಾಗಿಸುತ್ತದೆ. ಆಗ ಹೃದಯದ ಪ್ರತಿ ಬಡಿತದ ಹೊಡೆತ ತಗ್ಗದೆ ಕಣ್ಣಿನ, ಮೂತ್ರಪಿಂಡದ ಕೂದಲೆಳೆಯಂಥ ನಾಳಗಳನ್ನು ತಲುಪುತ್ತದೆ. ಆ ನಾಳಗಳನ್ನು ಸಕ್ಕರೆ ನೇರವಾಗಿಯೂ ಕೆಡಿಸುತ್ತಿರುವುದರಿಂದ ಪೆಟ್ಟು ಎರಡು ಕಡೆಯಿಂದ. ಬ್ರಿಟನ್ನಿನಲ್ಲಿ ಟೈಪ್ 2 ಮಧುಮೇಹಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಪಿಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ರೆಟಿನೋಪತಿ ಉಲ್ಬಣಿಸುವ ಪ್ರಮಾಣ ಶೇಕಡಾ 34ರಷ್ಟು ಕಡಿಮೆಯಿತ್ತು. ಅಂದರೆ ಶುಗರ್ ಒಂದನ್ನೇ ಕಾಯುತ್ತ ಕುಳಿತರೆ ಸಾಲದು.

ಕಣ್ಣಿನ ಪರೀಕ್ಷೆಗೆ ಹೋಗಿ ಎಂದರೆ ದೂರವಾಗುತ್ತದೆ, ಔಷಧಿ ಹಾಕಿದ ಮೇಲೆ ಬೈಕು ಓಡಿಸಲಾಗುವುದಿಲ್ಲ, ಒಂದು ದಿನದ ಕೆಲಸ ಹಾಳು ಎನ್ನುತ್ತಾರೆ. ಒಪ್ಪಿದೆ. ಆದರೆ ಮಂಡಿಗೆಂದು ವರ್ಷಕ್ಕೆ ಎಷ್ಟು ಸಲ ಇದೇ ಶಿವಮೊಗ್ಗಕ್ಕೆ ಬರುತ್ತೀರಿ ಸ್ವಾಮಿ? ಟೈಪ್ 2 ಇದೆಯೆಂದು ತಿಳಿದ ಕೂಡಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಕೇಳುತ್ತಿರುವುದು ಇಷ್ಟನ್ನೇ. ದೇಹವನ್ನು ಕೊಯ್ಯದೆ ರಕ್ತನಾಳವನ್ನು ನೇರವಾಗಿ ನೋಡಲು ಸಿಗುವ ಅಪರೂಪದ ಜಾಗ ಈ ಅಕ್ಷಿಪಟಲ, ಅದನ್ನು ತೋರಿಸಲೂ ಪುರುಸೊತ್ತಿಲ್ಲ!

ಇಷ್ಟು ಉಪದೇಶಿಸುವ ನಾನು, ಊರಿಗೆಲ್ಲ ಬುದ್ಧಿ ಹೇಳುವವನು, ನನಗೂ ಸಕ್ಕರೆ ಕಾಯಿಲೆಯಿದೆಯೆಂದು ಗೊತ್ತಾದ ಮೊದಲ ಆರು ವರ್ಷ ಈ ಪರೀಕ್ಷೆಯ ಕಡೆ ತಲೆ ಹಾಕಿರಲಿಲ್ಲ. ಪುರುಸೊತ್ತಿಲ್ಲ ಎಂದು ಮನೆಯವಳಿಗೆ ಹೇಳುತ್ತಿದ್ದೆ, ಇದ್ದದ್ದು ಹೆದರಿಕೆ. ಆ ಹಿರಿಯರ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನನ್ನದೇ ಇರಬೇಕು.

ಇದನ್ನು ನಿನ್ನೆಯೇ ಬರೆಯಬೇಕೆಂದಿದ್ದೆ. ಔಷಧಿಯ ಮಬ್ಬು ಇಳಿಯುವವರೆಗೆ ಮೊಬೈಲಿನ ಅಕ್ಷರ ಕಾಣಿಸಲಿಲ್ಲ.