ಊರಿಗೂ ಒಂದು ಟಿಕೆಟ್

ಕೊನೆಗೂ ರೋಮಿನವರು ಎಚ್ಚೆತ್ತರು. ಟ್ರೆವಿ ಕಾರಂಜಿಯ ಹತ್ತಿರ ಹೋಗಬೇಕಾದರೆ ಪ್ರವಾಸಿಗರು ಇನ್ನು 2 ಯೂರೋ ಕೊಡಬೇಕಂತೆ. ಅಲ್ಲಿಗೆ ಬಂದವರು ಹರಕೆಯಂತೆ ನೀರಿಗೆ ಎಸೆಯುವ ನಾಣ್ಯ ಬೇರೆ, ಅದರ ಲೆಕ್ಕ ಬೇರೆ. ಕಾಸು ಎಸೆಯೋಕೆ ಕಾಸು ಕೊಡಬೇಕು, ತಿಳೀತಲ್ಲ?

ಆದರೂ ಈ ವಿದ್ಯೆಯಲ್ಲಿ ಗುರುಪೀಠ ಅದೇ ಇಟಲಿಯ ಕಾಲುವೆಗಳ ಊರು ವೆನಿಸ್ಸಿನದೇ. ಮ್ಯೂಸಿಯಮ್ಮಿಗೆ ಟಿಕೆಟ್ ಯಾರು ಬೇಕಾದರೂ ಇಟ್ಟಾರು, ಊರಿಗೇ ಟಿಕೆಟ್ ಇಡೋಕೆ ಎದೆಗಾರಿಕೆ ಬೇಕು. 2024ರ ಏಪ್ರಿಲ್ 25ರಂದು ಶುರುವಾದ ವಸೂಲಿ ಅದು. ಬೆಳಿಗ್ಗೆ ಬಂದು ಸಂಜೆ ಹೋಗುವವರು ತಲೆಗೆ 5 ಯೂರೋ ಕಟ್ಟಬೇಕು. ಅದೂ ಗೊತ್ತುಪಡಿಸಿದ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರ ತನಕ ಮಾತ್ರ. ನಾಲ್ಕೂ ಐದಕ್ಕೆ ಕಾಲಿಟ್ಟರೆ ಅದೇ ಕಾಲುವೆ, ಅದೇ ಗೊಂಡೊಲಾ ದೋಣಿಗಳ ನೋಟ, ಎಲ್ಲ ಪುಕ್ಕಟೆ. ಮಾರನೇ ವರ್ಷ ದಿನಗಳು 29ರಿಂದ 54ಕ್ಕೆ ಏರಿದವು, ತಡವಾಗಿ ಬುಕ್ ಮಾಡಿದವರಿಗೆ 10 ಯೂರೋ. ತತ್ಕಾಲ್! ನಮ್ಮ ರೈಲ್ವೆಯವರು ರಾಯಲ್ಟಿ ಕೇಳಬಹುದು.

ಟಿಕೆಟ್ ಕೊಂಡ ಮೇಲೆ ಆ ಊರಲ್ಲಿ ಮಾಡುವುದೇನು? ನಡೆಯುವುದು. ಅಲ್ಲಿ ಬಸ್ಸಿಲ್ಲ, ಆಟೋ ಇಲ್ಲ. ಇರುವುದು ನಾನೂರಕ್ಕೂ ಹೆಚ್ಚು ಸೇತುವೆ, ಬಹುಪಾಲು ಸೇತುವೆಗೂ ಮೆಟ್ಟಿಲು. ಬೆಂಗಳೂರಿನಿಂದ ಪ್ಯಾಕೇಜ್ ಟೂರಿನಲ್ಲಿ ಹೋದ ಅಜ್ಜಿಯೊಬ್ಬರನ್ನು ನೆನೆಸಿಕೊಳ್ಳಿ. ಸ್ಪೋರ್ಟ್ಸ್ ಶೂ, ಸೀರೆ ಮೇಲೆ ಸ್ವೆಟರ್, ಕೈಚೀಲದಲ್ಲಿ ಪುಳಿಯೋಗರೆ ಡಬ್ಬಿ. ಮುಂದೆ ಗೈಡು ಮಡಚಿದ ಛತ್ರಿ ಎತ್ತಿಕೊಂಡು ಓಡುತ್ತಿದ್ದಾನೆ. ಎಂಟನೇ ಸೇತುವೆಗೆ ಮಂಡಿ ಕೈಕೊಟ್ಟಿತು, ಅಜ್ಜಿ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದರು. ಮುಗೀತು. ಸೇತುವೆ ಮೆಟ್ಟಿಲ ಮೇಲೆ ಕೂತು ಊಟ ಮಾಡುವುದು ಅಲ್ಲಿ ದಂಡ ಬೀಳುವ ಅಪರಾಧ. ನಮ್ಮಲ್ಲಿ ದೇವರ ದರ್ಶನ ಆದ ಮೇಲೆ ಪ್ರಾಕಾರದಲ್ಲಿ ಒಂದು ಗಳಿಗೆ ಕೂರದಿದ್ದರೆ ಯಾತ್ರೆ ಪೂರ್ತಿಯಾಗದು ಅನ್ನುತ್ತಾರೆ, ಅಲ್ಲಿ ಕೂತರೆ ಪೊಲೀಸು ಬರುತ್ತಾನೆ. 2019ರಲ್ಲಿ ರಿಯಾಲ್ಟೊ ಸೇತುವೆಯ ಬುಡದಲ್ಲಿ ಪುಟ್ಟ ಸ್ಟವ್ ಹಚ್ಚಿ ಕಾಫಿ ಕಾಯಿಸಿಕೊಂಡ ಇಬ್ಬರು ಜರ್ಮನ್ನರಿಗೆ 950 ಯೂರೋ ಜಡಿದು ಊರು ಬಿಡಿಸಿದರು. ಸಾನ್ ಮಾರ್ಕೊ ಚೌಕದ ಹಳೇ ಕಾಫಿ ಮನೆಯಲ್ಲಿ ಕುಡಿದಿದ್ದರೆ ಒಂದಿಷ್ಟು ಉಳಿಯುತ್ತಿತ್ತು. ಅಲ್ಲಿ ಕೂರಬಹುದು. ಹೊರಗಿನ ಟೇಬಲ್ಲಿಗೆ ವಾದ್ಯಗೋಷ್ಠಿ ಕೇಳಿಸಿದರೆ ಸಂಗೀತದ ಚಾರ್ಜು ಬೇರೆ, ಕಿವಿ ಮುಚ್ಚಿಕೊಂಡರೂ ಮಾಫಿ ಇಲ್ಲ.

ಇದೆಲ್ಲ ಊರು ಉಳಿಸೋಕಂತೆ. ಯಾರಿಗೆ ಉಳಿಸೋದು ಸ್ವಾಮಿ? 1951ರಲ್ಲಿ ಆ ಹಳೇ ಪಟ್ಟಣದಲ್ಲಿ 1,70,000ಕ್ಕೂ ಹೆಚ್ಚು ಜನ ಬದುಕಿದ್ದರು, ಈಗ 50,000 ಕೂಡ ಇಲ್ಲ. ಪ್ರವಾಸಿಗರಿಗೆ ಹಾಸಿದ ಹಾಸಿಗೆಗಳೇ ಊರವರಿಗಿಂತ ಜಾಸ್ತಿ. ಅಜ್ಜಿ ಬಂದು ಮೆಟ್ಟಿಲ ಮೇಲೆ ಕೂತಿದ್ದಕ್ಕೆ ಯಾರೂ ಮನೆ ಖಾಲಿ ಮಾಡಲಿಲ್ಲ. ಬಾಡಿಗೆಗೆ ಸಿಗುವ ಮನೆಗಳೆಲ್ಲ ದಿನದ ಲೆಕ್ಕದ ರೂಮುಗಳಾಗುವಾಗ ಸುಮ್ಮನಿದ್ದವರು ಈಗ ರೈಲ್ವೆ ಸ್ಟೇಷನ್ ಎದುರು ನಿಂತು ಟಿಕೆಟ್ಟಿನ ಕ್ಯೂಆರ್ ಕೋಡ್ ತೋರಿಸಿ ಅನ್ನುತ್ತಿದ್ದಾರೆ. ನಾಚಿಕೆಯಾದರೂ ಬೇಡವೇ?

2025ರ ಜೂನ್‌ನಲ್ಲಿ ಅಮೆಜಾನ್ ಧಣಿ ಜೆಫ್ ಬೆಜೋಸ್ ಮದುವೆಗೆ ನೆಂಟರು ಖಾಸಗಿ ವಿಮಾನಗಳಲ್ಲಿ ಬಂದಿಳಿದರು. ಆ ವಾರಾಂತ್ಯವೂ ಟಿಕೆಟ್ಟಿನ ದಿನಗಳೇ. ಆದರೆ ನಿಯಮ ನಿಯಮವೇ: ರಾತ್ರಿ ಹೋಟೆಲಿನಲ್ಲಿ ತಂಗುವವರಿಗೆ ಆ 5 ಯೂರೋ ಮಾಫಿ.